ಕೈಕೊಟ್ಟ ಫೋಟೋ

— ಹಂಪಿಯಲ್ಲಿ ತೆಗೆದ ಫೋಟೋಗಳಲ್ಲಿ ಇದೊಂದನ್ನ ಅಳಿಸಿಬಿಡೋಣ ಅಂತಿದ್ದೀನಿ ದೊಡ್ಡಮ್ಮ. ಹೇಮಕೂಟದ ಮೇಲೆ ಕೂತು ಕಣ್ಣಾರೆ ಕಂಡದ್ದಕ್ಕೂ ಇದರಲ್ಲಿ ಬಂದಿರೋದಕ್ಕೂ ಸಂಬಂಧವೇ ಇಲ್ಲ.

— ಅಳಿಸಬೇಡ, ತಡಿ. ಫೋನ್ ಇತ್ತ ಕೊಡು. ಈಗ ಫೋಟೋ ನೋಡದೆ ಹೇಳು, ಅಲ್ಲಿ ಏನು ಕಂಡೆ?

— ಮಧ್ಯಾಹ್ನ ಪೂರ್ತಿ ಮಳೆ. ಸಂಜೆ ಹೊತ್ತಿಗೆ ಹೊಳವಾಯಿತು. ವಿರೂಪಾಕ್ಷನ ದೊಡ್ಡ ಗೋಪುರದ ಹಿಂದೆ ಮಾತ್ರ ಆಕಾಶ ಇನ್ನೂ ಕಪ್ಪಿಟ್ಟುಕೊಂಡಿತ್ತು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಪಶ್ಚಿಮದ ಮೋಡ ಹರಿದು, ಒಂದು ಪಟ್ಟಿ ಬಿಸಿಲು ಸೀದಾ ಹೋಗಿ ಗೋಪುರದ ಮೇಲೆ ಬಿತ್ತು. ಕಪ್ಪು ಮೋಡದ ಮುಂದೆ ಅದೊಂದೇ ಹೊತ್ತಿಕೊಂಡ ಹಾಗಿತ್ತು. ಇತ್ತ ಬಂಡೆಗಳೆಲ್ಲ ನೆರಳಲ್ಲೇ ಇದ್ದವು. ಪಕ್ಕದಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿಬಿಟ್ಟರು. ಫೋನ್ ತೆಗೆದಾಗ ಬೆಳಕು ಇನ್ನೂ ಇತ್ತು, ಆದರೂ ಏನು ಬಂದಿದೆ ನೋಡಿ.

— ನೋಡಿದೆ. ಮಾಸಲು ಬೂದು ಆಕಾಶ, ಅದರ ಮುಂದೆ ಹೆಚ್ಚುಕಮ್ಮಿ ಅದೇ ಬಣ್ಣದ, ಅಂಗುಲದಷ್ಟೂ ಇಲ್ಲದ ಗೋಪುರ. ಎಡಗಡೆ ಒಂದು ಕೆಂಪು ಕೊಡೆ, ಒಂದು ಕರೆಂಟ್ ಕಂಬ. ಮುಂದೆ ಅರ್ಧ ಫೋಟೋ ಬರೀ ಬಂಡೆ. ಇದನ್ನೇ ಇಟ್ಟುಕೊಂಡು ಚಿತ್ರ ಬರಿ.

— ಇದನ್ನಾ? ಇದಕ್ಕಿಂತ ಎಷ್ಟೋ ಚೆನ್ನಾಗಿರೋವು ಇವೆ ದೊಡ್ಡಮ್ಮ. ಕಲ್ಲಿನ ರಥದ್ದು ನೋಡಿ, ಕ್ಯಾಲೆಂಡರ್‌ಗೆ ಹಾಕಬಹುದು.

— ಚೆನ್ನಾಗಿದೆ, ಅದಕ್ಕೇ ಅದನ್ನ ಬಿಡು ಅನ್ನೋದು. ಅದರಲ್ಲಿ ನಿನಗೆ ಕೆಲಸ ಉಳಿದಿಲ್ಲ. ಯಾವುದು ಬೆಳಗಬೇಕು, ಯಾವುದು ಹಿಂದಕ್ಕೆ ಸರಿಯಬೇಕು, ಎಲ್ಲಿಗೆ ಕತ್ತರಿಸಬೇಕು, ಎಲ್ಲವನ್ನೂ ಕ್ಯಾಮೆರಾ ತೀರ್ಮಾನ ಮಾಡಿ ಮುಗಿಸಿದೆ. ಅದನ್ನ ಬಣ್ಣದಲ್ಲಿ ಮತ್ತೊಮ್ಮೆ ಬರೆದರೆ ಫೋಟೋ ಥರಾನೇ ಇದೆ ಅಂತ ನಾಲ್ಕು ಜನ ಹೊಗಳುತ್ತಾರೆ, ಅಷ್ಟೇ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸೋವಾಗ ಇದನ್ನ ತುಂಬ ನೋಡಿದ್ದೀನಿ. ಮಕ್ಕಳು ತರೋ ಅಂದದ ಫೋಟೋದಿಂದ ಜೀವ ಇರೋ ಚಿತ್ರ ಹುಟ್ಟೋದು ಅಪರೂಪ. ಈ ಫೋಟೋ ನಿನಗೆ ಬೇಜಾರು ತಂದಿದೆ. ಯಾಕೆ? ಕಂಡದ್ದು ಬೇರೆ, ಬಂದದ್ದು ಬೇರೆ. ಎಷ್ಟು ಬೇರೆ, ಎಲ್ಲೆಲ್ಲಿ ಬೇರೆ ಅಂತ ನಿನಗೆ ಗೊತ್ತೂ ಇದೆ, ಈಗತಾನೇ ಬಾಯಿಬಿಟ್ಟು ಹೇಳಿದೆ. ಮೋಡ ಕಪ್ಪಿತ್ತು, ಇಲ್ಲಿ ಬಿಳಿಚಿದೆ. ಗೋಪುರ ದೊಡ್ಡದಿತ್ತು, ಇಲ್ಲಿ ಚಿಕ್ಕದು. ಬಂಡೆ ನೆರಳಲ್ಲಿತ್ತು, ಇಲ್ಲಿ ಬೆಳಕಿನಲ್ಲಿದೆ. ನೀನು ಕೊಟ್ಟ ದೂರಿನ ಪಟ್ಟಿಯೇ ಚಿತ್ರಕ್ಕೆ ನಕ್ಷೆ.

— ಫೋನ್ ಯಾಕೆ ಹೀಗೆ ಮಾಡಿತು? ಅಗ್ಗದ್ದೇನೂ ಅಲ್ಲ.

— ಬೆಲೆಯ ಮಾತಲ್ಲ ಕಣೋ. ಕ್ಯಾಮೆರಾದ ಲೈಟ್ ಮೀಟರ್ ಎದುರಿಗಿರೋ ದೃಶ್ಯದ ಸರಾಸರಿ ಹೊಳಪನ್ನ ನಡುಮಟ್ಟದ ಬೂದಿಗೆ ತರೋಕೆ ನೋಡುತ್ತೆ. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನ ವಾಪಸು ಕಳಿಸೋ ಬೂದು ಅದು. ಹಳೆಯ ಫೋಟೋಗ್ರಾಫರ್‌ಗಳು ಆ ಬಣ್ಣದ ಒಂದು ಕಾರ್ಡನ್ನೇ ಜೊತೆಗಿಟ್ಟುಕೊಳ್ಳುತ್ತಿದ್ದರು. ನಿನ್ನ ಫೋಟೋದಲ್ಲಿ ಬಹುಪಾಲು ಕಪ್ಪು ಮೋಡ, ನೆರಳಿನ ಬಂಡೆ. ಕತ್ತಲು ಜಾಸ್ತಿಯಾಯಿತು ಅಂತ ಅದು ಎಲ್ಲವನ್ನೂ ಎತ್ತಿ ಬೆಳಗಿಸಿತು. ಮೋಡ ಬೂದಾಯಿತು, ಗೋಪುರ ಬಿಳಿಚಿಕೊಂಡಿತು. ಅದರ ಮೇಲೆ ಈಗಿನ ಫೋನುಗಳು ಒಂದೇ ಕ್ಲಿಕ್ಕಿಗೆ ಹಲವು ಫೋಟೋ ತೆಗೆದು ಬೆರೆಸುತ್ತವೆ. ನೆರಳಲ್ಲೂ ವಿವರ ಕಾಣಲಿ, ಬಿಸಿಲಲ್ಲೂ ಕಾಣಲಿ ಅಂತ. ಕಿಟಕಿ ಪಕ್ಕ ಕೂತ ಮಗುವಿನ ಫೋಟೋ ತೆಗೆಯೋಕೆ ಅದು ಬಹಳ ಉಪಕಾರ. ಆದರೆ ನೀವೆಲ್ಲ ಮಾತು ನಿಲ್ಲಿಸಿ ನೋಡಿದ್ದು ಏನನ್ನ? ಆ ಕತ್ತಲಿಗೂ ಆ ಬೆಳಕಿಗೂ ನಡುವೆ ಇದ್ದ ದೂರವನ್ನ. ಅದನ್ನೇ ಫೋನ್ ಕಷ್ಟಪಟ್ಟು ಕಮ್ಮಿ ಮಾಡಿ ಕೊಟ್ಟಿದೆ.

— ಗೋಪುರ ಚಿಕ್ಕದಾಗಿರೋದು?

— ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಎಡಬಲ ಎಲ್ಲವನ್ನೂ ಒಳಗೆ ತುಂಬಿಕೊಳ್ಳುತ್ತೆ, ದೂರದ್ದು ಪುಟ್ಟದಾಗುತ್ತೆ. ನಮ್ಮ ಕಣ್ಣು ನೋಡೋ ರೀತಿಯೇ ಬೇರೆ. ಒಂದು ಸಲಕ್ಕೆ ನಮಗೆ ಚೂಪಾಗಿ ಕಾಣೋದು ಸುಮಾರು 2 ಡಿಗ್ರಿ ಮಾತ್ರ, ಕೈ ನೀಡಿ ಹಿಡಿದರೆ ಹೆಬ್ಬೆರಳಿನ ಉಗುರು ಮುಚ್ಚೋವಷ್ಟು ಜಾಗ. ಉಳಿದದ್ದೆಲ್ಲ ಮಸುಕು. ಕಣ್ಣು ಆ ಪುಟ್ಟ ಜಾಗವನ್ನ ಅಲ್ಲಿ ಇಲ್ಲಿ ಓಡಿಸಿ ಓಡಿಸಿ ದೃಶ್ಯ ಕಟ್ಟಿಕೊಳ್ಳುತ್ತೆ. ಆವತ್ತು ನಿನ್ನ ಕಣ್ಣು ಗೋಪುರದ ಮೇಲೇ ನಿಂತಿತ್ತು, ಹಾಗಾಗಿ ಗೋಪುರವೇ ನಿನ್ನ ನೋಟವೆಲ್ಲ ತುಂಬಿಕೊಂಡಿತ್ತು.

— ಹಾಗಾದರೆ ಚಿತ್ರದಲ್ಲಿ ಅದನ್ನ ದೊಡ್ಡದು ಮಾಡಬಹುದಾ? ಸುಳ್ಳು ಅನ್ನಿಸಲ್ವಾ?

— ಮಾಡು. ಫ್ರಾನ್ಸಿನ ಸೆಜಾನ್ ತನ್ನೂರಿನ ಸೇಂತ್ ವಿಕ್ತ್ವಾರ್ ಬೆಟ್ಟವನ್ನ ಮತ್ತೆ ಮತ್ತೆ ಬರೆದ. ಅರ್ಲ್ ಲೋರನ್ ಅನ್ನೋ ಅಮೆರಿಕದ ಕಲಾವಿದ ಅವನು ಬರೆದ ಜಾಗಗಳಿಗೇ ಹೋಗಿ ಫೋಟೋ ತೆಗೆದು, 1943ರಲ್ಲಿ ಒಂದು ಪುಸ್ತಕದಲ್ಲಿ ಚಿತ್ರಗಳ ಜೊತೆ ಇಟ್ಟು ತೋರಿಸಿದ. ಫೋಟೋದಲ್ಲಿ ಬೆಟ್ಟ ದೂರದಲ್ಲೆಲ್ಲೋ ಕೂತಿದೆ. ಸೆಜಾನನ ಚಿತ್ರದಲ್ಲಿ ಮುಂದಕ್ಕೆ ಬಂದು ಎದ್ದು ನಿಂತಿದೆ. ಬೆಟ್ಟದ ಆಕಾರವನ್ನ ಅವನು ಕೆಡಿಸಲಿಲ್ಲ, ಅದಕ್ಕೆ ಸಿಗಬೇಕಾದ ಜಾಗ ಕೊಟ್ಟ. ನೀನೂ ಅಷ್ಟು ಮಾಡಿದರೆ ಸಾಕು.

— ಒಂದು ಆ್ಯಪ್ ಇದೆ ದೊಡ್ಡಮ್ಮ. ಫೋಟೋ ಕೊಟ್ಟರೆ ಅದೇ ವಾಟರ್‌ಕಲರ್ ಮಾಡಿಕೊಡುತ್ತೆ.

— ನೋಡಿದ್ದೀನಿ. ಮೋಡದ ಮೇಲೆ ಹಾಕೋ ಕುಂಚದ ಗುರುತನ್ನೇ ಕರೆಂಟ್ ಕಂಬದ ಮೇಲೂ ಹಾಕುತ್ತೆ, ಅಷ್ಟೇ ಅಕ್ಕರೆಯಿಂದ. ಬಿಳಿಚಿದ ಮೋಡ ಬಿಳಿಚಿಯೇ ಇರುತ್ತೆ, ಅದು ಕಪ್ಪಿತ್ತು ಅಂತ ಆ್ಯಪ್‌ಗೆ ಯಾರು ಹೇಳಬೇಕು? ಅದು ಹೇಮಕೂಟದಲ್ಲಿ ಇರಲಿಲ್ಲ. ನೀನಿದ್ದೆ.

— ಆದರೂ ಫೋಟೋ ನೋಡಿ ಬರೆದದ್ದು ಅಂದರೆ ಜನ ಒಂಥರಾ ಮುಖ ಮಾಡುತ್ತಾರೆ. ಎದುರಿಗೆ ಕೂತು ಬರೆದದ್ದೇ ನಿಜವಾದ ಚಿತ್ರ ಅಂತಾರೆ.

— ಎದುರಿಗೆ ಕೂತು ಬರೆಯೋದರ ಸಮಕ್ಕೆ ಯಾವುದೂ ಇಲ್ಲ, ಆ ಮಾತನ್ನ ನಾನೂ ಒಪ್ಪುತ್ತೀನಿ. ನಮ್ಮ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನ ನೋಡಿದವರು ಯಾರೂ ಅದನ್ನ ಅಲ್ಲಗಳೆಯಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದವರು, ಆಮೇಲೆ ನೀಲಗಿರಿಯ ಮಂಜು, ಬೆಳದಿಂಗಳು, ಮಳೆಮೋಡ ಇವನ್ನ ಬರೆಯೋದರಲ್ಲಿ ತಪಸ್ಸಿನ ಹಾಗೆ ಮುಳುಗಿದರು. ಮಂಜಿನೊಳಗೆ ಮರ ಇದೆಯೋ ಇಲ್ಲವೋ ಅನ್ನೋ ಹದ ಯಾವ ಫೋಟೋದಿಂದಲೂ ಬರಲ್ಲ. ಆದರೆ ಗೋಪುರದ ಮೇಲಿನ ಬಿಸಿಲು ಎಷ್ಟು ಹೊತ್ತಿತ್ತು?

— ಎರಡು ನಿಮಿಷ ಇದ್ದರೆ ಹೆಚ್ಚು.

— ಎರಡು ನಿಮಿಷದಲ್ಲಿ ಹಾಳೆ ಒದ್ದೆ ಮಾಡೋಕೂ ಆಗಲ್ಲ. ಅಂಥ ಕಡೆ ಫೋಟೋ ಇಟ್ಟುಕೊಳ್ಳೋದರಲ್ಲಿ ನಾಚಿಕೆ ಏನು? ಫ್ರಾನ್ಸಿನ ಚಿತ್ರಕಾರ ದಲಾಕ್ರ್ವಾ 1854ರಲ್ಲೇ ಫೋಟೋಗ್ರಾಫರ್ ಜೊತೆ ಸೇರಿ ಮಾಡೆಲ್‌ಗಳ ಫೋಟೋ ತೆಗೆಸಿ, ಅವನ್ನ ನೋಡಿ ಅಭ್ಯಾಸ ಮಾಡಿದ. ನಮ್ಮ ರವಿವರ್ಮನೂ ಫೋಟೋ ನೆರವು ತಗೊಂಡವನೇ. ಫೋಟೋಗ್ರಫಿ ಹುಟ್ಟೋ ಮೊದಲೇ ಇಂಡಿಯಾಕ್ಕೆ ಬಂದ ಥಾಮಸ್ ಡೇನಿಯಲ್, ಅವನ ಸೋದರನ ಮಗ ವಿಲಿಯಂ ಡೇನಿಯಲ್, ಇಬ್ಬರೂ ಕ್ಯಾಮೆರಾ ಆಬ್ಸ್ಕ್ಯೂರಾ ಪೆಟ್ಟಿಗೆ ಹೊತ್ತುಕೊಂಡು ತಿರುಗಿ, ಅದರೊಳಗೆ ಬಿದ್ದ ಬಿಂಬದ ಮೇಲೆ ಗೆರೆ ಎಳೆದುಕೊಂಡರು. ನೆರವು ತಗೊಂಡವರನ್ನ ಕಲೆ ಯಾವತ್ತೂ ಹೊರಗೆ ಹಾಕಿಲ್ಲ. ಫೋಟೋ ಹೇಳಿದ್ದನ್ನೆಲ್ಲ ತಲೆಬಾಗಿ ಕೇಳಿದವರು ಮಾತ್ರ ಸೊರಗಿದ್ದಾರೆ. ಇನ್ನೊಂದು ಮಾತು: ಬೇರೆಯವರು ತೆಗೆದ ಫೋಟೋ ಆದರೆ ಅವರನ್ನ ಕೇಳಿಯೇ ಬರೀಬೇಕು.

— ಹಂಪಿಯಲ್ಲಿ ಆಕಾಶ ಕೈಕೊಟ್ಟಿದ್ದು ನನಗೊಬ್ಬನಿಗೇ ಇರಲಿಕ್ಕಿಲ್ಲ.

— ನಿನಗಿಂತ ಎಷ್ಟೋ ಮೊದಲಿನಿಂದಲೂ ಇದೆ. ಹಂಪಿಯನ್ನ ಮೊದಮೊದಲು ಫೋಟೋ ತೆಗೆದವನು ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನೋ ಸೈನ್ಯದ ಅಧಿಕಾರಿ, 1856ರಲ್ಲಿ. ಆಗ ಫಿಲ್ಮ್ ಇಲ್ಲ, ಕಾಗದಕ್ಕೇ ರಾಸಾಯನಿಕ ಹಚ್ಚಿ, ಮೇಣ ಹಿಡಿಸಿ ನೆಗೆಟಿವ್ ಮಾಡಬೇಕು. ಕಲ್ಲಿನ ಕೆತ್ತನೆ, ಕಂಬದ ಸಾಲು ಎಲ್ಲ ಅದ್ಭುತವಾಗಿ ಬಂದಿವೆ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಕಲ್ಲು ಬಿದ್ದಿದೆ, ಎಲ್ಲಿ ನಿಂತಿದೆ ಅಂತ ಓದಬಹುದು. ಆದರೆ ಆ ಕಾಲದ ನೆಗೆಟಿವ್‌ಗಳಿಗೆ ನೀಲಿ ಬೆಳಕೊಂದೇ ಜೋರಾಗಿ ತಾಗುತ್ತಿತ್ತು. ಕಟ್ಟಡ ಮೂಡೋವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಮಿತಿಮೀರಿ ಬೆಳಗಿ ಬರೀ ಬಿಳಿ ಹಾಳೆಯಾಗುತ್ತಿತ್ತು, ಮೋಡ ಇದ್ದರೂ ಬರುತ್ತಿರಲಿಲ್ಲ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಪ್ರಿಂಟ್ ಹಾಕಿದ. ಬೇರೆ ಸ್ಟುಡಿಯೋದವರು ನೆಗೆಟಿವ್ ಮೇಲೆ ಕೈಯಿಂದಲೇ ಮೋಡ ಬರೆಯುತ್ತಿದ್ದರು. ಕಂಡ ಆಕಾಶ ಫೋಟೋದಲ್ಲಿ ಬರಲಿಲ್ಲ ಅನ್ನೋ ಸಂಕಟ ಆಗಿನಿಂದಲೂ ಮನುಷ್ಯನ ಕೈಗೆ ಕೆಲಸ ಕೊಡುತ್ತಲೇ ಬಂದಿದೆ.

— ಸರಿ, ಒಪ್ಪಿದೆ. ಎಲ್ಲಿಂದ ಶುರು ಮಾಡಲಿ? ಫೋಟೋ ಮೇಲೆ ಚೌಕ ಹಾಕಿ, ಹಾಳೆ ಮೇಲೆ ಚೌಕ ಹಾಕಿ ಇಳಿಸಿಕೊಳ್ಳಲಾ?

— ಚೌಕ ಆಮೇಲೆ, ಅದೂ ಗೋಪುರಕ್ಕೆ ಮಾತ್ರ. ಮೊದಲು ಫೋನ್ ಮಗುಚಿಡು. ಪೋಸ್ಟ್‌ಕಾರ್ಡಿನಷ್ಟು ಕಾಗದ ತಗೊಂಡು, ಮೆತ್ತನೆ ಪೆನ್ಸಿಲಿನಲ್ಲಿ ಮೂರೇ ಮೂರು ಹದ ಹಾಕು: ಬಿಳಿ, ನಡುವಿನದು, ಕಪ್ಪು. ಬಿಳಿ ಗೋಪುರಕ್ಕೆ, ಅದೂ ಬಿಸಿಲು ಬಿದ್ದ ಕಡೆ ಮಾತ್ರ. ಕಪ್ಪು ಮೋಡಕ್ಕೆ. ಬಂಡೆ ನಡುವಿನದು. ಗೆರೆ ಎಳೆಯಬೇಡ, ತೇಪೆ ತೇಪೆಯಾಗಿ ತುಂಬು. ಕಣ್ಣು ಅರೆಮುಚ್ಚಿ ನೋಡು. ಎದೆ ಝಲ್ಲೆಂದಿತಾ? ಇಲ್ಲವಾದರೆ ಇನ್ನೊಂದು ಹಾಕು. ಅಡ್ಡ ಹಾಕು, ಉದ್ದ ಹಾಕು, ಬಂಡೆ ಕಮ್ಮಿ ಮಾಡು. ಈ ಪುಟ್ಟ ಕಾಗದದ ಮೇಲೆ ನಿಂತುಕೊಳ್ಳದ ಚಿತ್ರ ದೊಡ್ಡ ಹಾಳೆಯ ಮೇಲೂ ನಿಲ್ಲಲ್ಲ. ಬಹಳ ಜನ ಈ ಹಂತವನ್ನ ಹಾರಿಸಿ, ಮೂಲೆಯ ಬಂಡೆಯ ಬಿರುಕಿನಿಂದ ಬರೆಯೋಕೆ ಶುರು ಮಾಡುತ್ತಾರೆ. ಫೋಟೋದಲ್ಲಿ ಬಿರುಕು ಅಷ್ಟು ಚೂಪಾಗಿ ಕಾಣುತ್ತಲ್ಲ, ಅದು ಕೈಬೀಸಿ ಕರೆಯುತ್ತೆ.

— ಬಣ್ಣ? ಫೋಟೋದಲ್ಲಿ ಬಂಡೆ ಸಿಮೆಂಟಿನ ಥರ ಬಂದಿದೆ. ಅಲ್ಲಿ ಹಾಗಿರಲಿಲ್ಲ.

— ಹಂಪಿಯ ಕಲ್ಲಿನಲ್ಲಿ ಗುಲಾಬಿ ಇದೆ, ಕಾವಿ ಇದೆ, ಮಳೆಯಲ್ಲಿ ನೆನೆದರೆ ಅದು ಗಾಢವಾಗುತ್ತೆ. ನೆರಳಲ್ಲಿರೋ ಬಣ್ಣವನ್ನ ಫೋಟೋ ನಂಬಿ ಹಾಕಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನ ಬೆರೆಸು. ನೀಲಿ ಹೆಚ್ಚಾದರೆ ಮೋಡದ ಬೂದು, ಸಿಯೆನ್ನ ಹೆಚ್ಚಾದರೆ ಒದ್ದೆ ಬಂಡೆ. ಒಂದೇ ಜೋಡಿಯಿಂದ ಎರಡೂ ಬಂದರೆ ಆಕಾಶ ಮತ್ತು ನೆಲ ಒಂದೇ ಮಳೆಯಲ್ಲಿ ನೆಂದ ಹಾಗೆ ಕಾಣುತ್ತೆ. ಗೋಪುರದ ಬಿಸಿಲಿಗೆ ಯೆಲ್ಲೋ ಓಕರ್, ತೀರಾ ತೆಳ್ಳಗೆ. ಇಷ್ಟು ಬಣ್ಣ ಸಾಕು. ಟ್ಯೂಬ್ ಡಬ್ಬಿ ಪೂರ್ತಿ ತೆರೆದರೆ ಕೈ ಎಲ್ಲ ಕಡೆಗೂ ಹೋಗುತ್ತೆ.

— ಮೋಡ ಬರೆಯೋದೇ ನನಗೆ ಭಯ. ಮಧ್ಯೆ ಗೋಪುರದ ಆಕಾರ ಬಿಡಬೇಕಲ್ಲ.

— 300 ಜಿಎಸ್ಎಂ ಹಾಳೆಯನ್ನ ಹಲಗೆಗೆ ಟೇಪ್ ಹಾಕಿ ಅಂಟಿಸು, ತೆಳು ಹಾಳೆ ನೀರಿಗೆ ಉಬ್ಬುತ್ತೆ. ಗೋಪುರದ ಹೊರಗೆರೆ ಪೆನ್ಸಿಲಿನಲ್ಲಿ ಹಗುರವಾಗಿ ಇರಲಿ. ಅಗಲದ ಬ್ರಷ್‌ನಲ್ಲಿ ಆಕಾಶಕ್ಕೆಲ್ಲ ಬರೀ ನೀರು ಹಚ್ಚು, ಗೋಪುರದ ಒಳಗೆ ಒಂದು ಹನಿಯೂ ಹೋಗದ ಹಾಗೆ. ಹಾಳೆ ಹೊಳೆಯುತ್ತೆ. ಆ ಹೊಳಪು ಇನ್ನೇನು ಆರುತ್ತೆ ಅನ್ನೋವಾಗ ಗಟ್ಟಿ ಬಣ್ಣ ತುಂಬಿದ ಬ್ರಷ್ ಇಡು, ಹಲಗೆಯನ್ನ ನಿಧಾನವಾಗಿ ವಾಲಿಸು. ಬಣ್ಣ ತಾನೇ ಹರಿದು ಮೋಡವಾಗುತ್ತೆ, ನೀನು ತಿದ್ದೋಕೆ ಹೋಗಬೇಡ. ಒಣಗಿದ ಗೋಪುರದ ಅಂಚಿಗೆ ಬಂದು ಅದು ನಿಲ್ಲುತ್ತೆ, ಕತ್ತರಿಸಿದ ಹಾಗೆ ಅಂಚು ಬರುತ್ತೆ. ಬಿಸಿಲಿನ ಕಡೆ ಆ ಅಂಚು ಹಾಗೇ ಇರಲಿ. ನೆರಳಿನ ಕಡೆ ಒದ್ದೆ ಬ್ರಷ್ ಆಡಿಸಿ ಅಂಚನ್ನ ಮೋಡಕ್ಕೆ ಕರಗಿಸು. ನೆನಪಿಟ್ಟುಕೋ, ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತೆ. ಹಚ್ಚುವಾಗ ಅಯ್ಯೋ ಕಪ್ಪಾಯಿತು ಅನ್ನಿಸಬೇಕು, ಒಣಗಿದಾಗ ಸರಿಹೋಗುತ್ತೆ. ಹೆದರಿ ತೆಳ್ಳಗೆ ಹಚ್ಚಿದರೆ ಫೋನ್ ಮಾಡಿದ್ದನ್ನೇ ನೀನೂ ಮಾಡಿದ ಹಾಗಾಯಿತು.

— ಗೋಪುರಕ್ಕೆ ಬಿಳಿ ಬಣ್ಣ ಬೇಡವಾ?

— ಹಾಳೆಯ ಬಿಳಿಗಿಂತ ದೊಡ್ಡ ಬಿಳಿ ನಿನ್ನ ಹತ್ತಿರ ಇಲ್ಲ. ಎಲ್ಲಿ ಬಿಸಿಲು ತೀರಾ ತಾಗಿತ್ತೋ ಅಲ್ಲಿ ಏನೂ ಹಚ್ಚಬೇಡ. ಆ ಹಾಳೆಗೆ ನಿಜವಾದ ಬಿಸಿಲಿನಷ್ಟು ಹೊಳಪು ಯಾವತ್ತೂ ಬರಲ್ಲ. ಸುತ್ತ ಕಪ್ಪು ಎಷ್ಟು ಆಳವಾಗುತ್ತೋ ಅಷ್ಟು ಅದು ಬೆಳಗುತ್ತೆ. ನಿನ್ನ ಚಿತ್ರದ ಬೆಳಕು ಇರೋದು ಮೋಡದಲ್ಲಿ.

— ಮುಂದಿನ ಬಂಡೆಯ ಗುಂಡಿಯಲ್ಲಿ ಮಳೆನೀರು ನಿಂತಿತ್ತು ದೊಡ್ಡಮ್ಮ. ಅದನ್ನ ಖಂಡಿತ ಹಾಕಬೇಕು. ಚಿನ್ನದ ಬಣ್ಣಕ್ಕೆ ಹೊಳೀತಿತ್ತು.

— ಈಗ ಫೋನ್ ತಿರುಗಿಸಿ ನೋಡು. ಏನು ಬಣ್ಣ ಇದೆ ನೀರು?

— ...ಹೆಚ್ಚುಕಮ್ಮಿ ಕಪ್ಪು. ಒಂದು ಕಡೆ ಮಾತ್ರ ಚೂರು ಹಳದಿ ಗೀರು.

— ಇಲ್ಲಿ ಫೋಟೋದ ಮಾತು ಕೇಳಬೇಕು. ನಿಂತ ನೀರು ನಿನ್ನ ಬೆನ್ನ ಹಿಂದಿನ ಆಕಾಶವನ್ನ ತೋರಿಸಲ್ಲ, ಎದುರಿನದ್ದನ್ನ ತೋರಿಸುತ್ತೆ. ಎದುರಿಗೆ ಇದ್ದದ್ದು ಕಪ್ಪು ಮೋಡ. ಆ ಹಳದಿ ಗೀರು ಗೋಪುರದ ಬಿಂಬ. ಸುತ್ತಲಿನ ಬೆಳಕಿಗೆ ಮನಸ್ಸು ಎಷ್ಟು ಸೋತಿತ್ತೆಂದರೆ ನೀರಿಗೂ ಚಿನ್ನ ಬಳಿದುಬಿಟ್ಟಿದೆ. ನೀರನ್ನೂ ಹೊಂಬಣ್ಣ ಮಾಡಿದ್ದರೆ ಗೋಪುರದ ಬೆಲೆ ಅರ್ಧಕ್ಕೆ ಇಳೀತಿತ್ತು. ಕಪ್ಪು ನೀರಿನಲ್ಲಿ ಒಂದೇ ಒಂದು ಗೀರು! ಇದನ್ನ ಯಾರೂ ಕೂತಲ್ಲೇ ಕಲ್ಪಿಸಿಕೊಂಡು ಬರೆಯಲಾರರು. ಇಷ್ಟಕ್ಕಾದರೂ ಈ ಫೋಟೋ ಅಳಿಸದೇ ಇದ್ದದ್ದು ಒಳ್ಳೇದಾಯಿತು.

— ಅಂದರೆ ಕೆಲವು ಕಡೆ ಫೋಟೋ ಸರಿ, ಕೆಲವು ಕಡೆ ನಾನು ಸರಿ. ಯಾವಾಗ ಯಾರನ್ನ ನಂಬೋದು?

— ಫೋಟೋ ಒಂದು ಸಾಕ್ಷಿ, ತೀರ್ಪು ಕೊಡೋದು ನೀನು. ಆಕಾರ, ಕೋನ, ಯಾವುದು ಯಾವುದರ ಮುಂದಿದೆ, ಬಿಂಬ ಎಲ್ಲಿ ಬಿತ್ತು, ಇವುಗಳಲ್ಲಿ ಅದರ ಮಾತು ಗಟ್ಟಿ. ಎಷ್ಟು ಕಪ್ಪು, ಎಷ್ಟು ಬೆಳಕು, ಯಾವುದು ಮುಖ್ಯ, ಇವುಗಳಲ್ಲಿ ನಿನ್ನ ಮಾತು ಗಟ್ಟಿ. ಓಡೋ ಕುದುರೆಯ ಕಥೆ ಗೊತ್ತಾ? ಜೆರಿಕೋ ಅನ್ನೋ ಚಿತ್ರಕಾರ 1821ರಲ್ಲಿ ಎಪ್ಸಮ್ ಡರ್ಬಿ ಕುದುರೆ ಪಂದ್ಯ ಬರೆದಾಗ ಕುದುರೆಗಳ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲಿಸಿದ. ಎಲ್ಲರೂ ಹಾಗೇ ಬರೆಯುತ್ತಿದ್ದರು. 1878ರಲ್ಲಿ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಕ್ಯಾಮೆರಾಗಳನ್ನ ಸಾಲಾಗಿ ಇಟ್ಟು ಫೋಟೋ ತೆಗೆದ ಮೇಲೆ ಗೊತ್ತಾಯಿತು, ಕುದುರೆಯ ನಾಲ್ಕೂ ಕಾಲು ನೆಲ ಬಿಡೋದು ಹೊಟ್ಟೆಯಡಿಗೆ ಮಡಚಿಕೊಂಡಾಗ, ಚಾಚಿದಾಗಲ್ಲ. ಚಿತ್ರಕಾರ ಡೆಗಾ ಆ ಫೋಟೋಗಳಿಂದ ಕಲಿತ. ಆದರೆ ಶಿಲ್ಪಿ ರೊಡ್ಯಾಂ ಒಪ್ಪಲಿಲ್ಲ. ಕಾಲ ನಿಲ್ಲೋದೇ ಇಲ್ಲ, ನಿಂತ ಹಾಗೆ ತೋರಿಸೋ ಫೋಟೋನೇ ಸುಳ್ಳು, ಜೆರಿಕೋನ ಕುದುರೆಗಳು ಓಡುತ್ತಿವೆ ಅನ್ನೋದು ಅವನ ವಾದ. ನನಗೆ ಕೇಳಿದರೆ ಇಬ್ಬರೂ ಸರಿ. ಕಾಲು ಹೇಗೆ ಮಡಚುತ್ತೆ ಅನ್ನೋದನ್ನ ತಿಳಿದುಕೊಂಡೇ ಓಟ ಬರೀಬೇಕು.

— ಕೆಂಪು ಕೊಡೆ ತೆಗೆದುಬಿಡಲಾ? ಸುಳ್ಳು ಹೇಳಿದ ಹಾಗಾಗಲ್ಲ ತಾನೇ, ಅದು ಅಲ್ಲಿ ಇತ್ತು.

— ಇತ್ತು. ಆದರೆ ನೀನು ಕಂಡದ್ದನ್ನ ಹೇಳೋವಾಗ ಕೊಡೆಯ ಹೆಸರೇ ಎತ್ತಲಿಲ್ಲ. ಚಿತ್ರದಲ್ಲಿ ಹಾಕಿದರೆ ಮೊದಲು ಕಣ್ಣಿಗೆ ಬೀಳೋದು ಅದೇ. ತೆಗಿ. ಕರೆಂಟ್ ಕಂಬವೂ ಬೇಡ. ಮನುಷ್ಯರು ಬೇಕಾದರೆ ಒಬ್ಬರೋ ಇಬ್ಬರೋ ಇರಲಿ, ಬಂಡೆಯ ಬಣ್ಣದಲ್ಲೇ, ಗೋಪುರ ಎಷ್ಟೆತ್ತರ ಅಂತ ಗೊತ್ತಾಗೋಕೆ. ಸುಮಾರು 50 ಮೀಟರಿನ ಗೋಪುರ ಅದು. ಆದರೆ ಗೋಪುರದ ಒಂಬತ್ತು ಅಂತಸ್ತಿನಲ್ಲಿ ಒಂದನ್ನೂ ಕಮ್ಮಿ ಮಾಡಬೇಡ, ಹೇಮಕೂಟದ ಪುಟ್ಟ ಗುಡಿಗಳ ಮೆಟ್ಟಿಲು ಮೆಟ್ಟಿಲಾದ ಶಿಖರಕ್ಕೆ ನಿನ್ನ ಇಷ್ಟದ ಕಳಸ ಇಡಬೇಡ. ಅವು ಯಾರದೋ ಕೈ ಕಟ್ಟಿದ್ದು, ಯಾರೋ ಲೆಕ್ಕ ಹಾಕಿ ಇಟ್ಟ ಅಳತೆ. ಬೆಳಕು ನಿನ್ನದು, ಕಟ್ಟಡ ನಿನ್ನದಲ್ಲ. ಗೋಪುರವನ್ನ ದೊಡ್ಡದು ಮಾಡಿದರೂ ಅದರ ಪ್ರಮಾಣ ಹಾಗೇ ಇರಬೇಕು. ಅಲ್ಲಿ ಚೌಕ ಹಾಕು, ಎಣಿಸು.

— ಇಷ್ಟು ಹೇಳಿದ್ದಕ್ಕೆ ಇನ್ನೊಂದು ತೋರಿಸುತ್ತೀನಿ ದೊಡ್ಡಮ್ಮ. ಅಮ್ಮನ ಟ್ರಂಕಿನಲ್ಲಿ ಸಿಕ್ಕಿದ್ದು. ಯಾರದೋ ಮದುವೆಯ ಗ್ರೂಪ್ ಫೋಟೋ. ಮುಂದಿನ ಸಾಲಿನಲ್ಲಿ ಕೂತಿರೋರು ಮುತ್ತಜ್ಜಿ ಅಂತೆ.

— ನಮ್ಮಜ್ಜಿ! ಇದೊಂದೇ ಇರೋದು ಅವರದ್ದು. ನಾನು ನೆನಪು ಮೂಡೋ ವಯಸ್ಸಿಗೆ ಬರೋ ಮೊದಲೇ ಹೋಗಿಬಿಟ್ಟರು. ಕ್ಲಿಕ್ ಮಾಡೋ ಹೊತ್ತಿಗೆ ಪಕ್ಕಕ್ಕೆ ತಿರುಗಿದ್ದಾರೆ ನೋಡು, ಮುಖ ಪೂರ್ತಿ ಅಲುಗಾಡಿದೆ. ಉಳಿದವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾರೆ.

— ಇದನ್ನ ಸ್ಪಷ್ಟ ಮಾಡೋ ಆ್ಯಪ್‌ಗೆ ಹಾಕಿದೆ. ಕಣ್ಣು ಮೂಗು ಎಲ್ಲ ಬಂತು. ಅದನ್ನ ನೋಡಿ ನೀವು ಒಂದು ದೊಡ್ಡ ಚಿತ್ರ ಬರೆದುಕೊಟ್ಟರೆ ಅಮ್ಮನಿಗೆ ಕೊಡಬಹುದು ಅಂತ.

— ಆ ಕಣ್ಣು ಮೂಗು ಯಾರದ್ದು? ಫೋಟೋದಲ್ಲಿ ಕಣ್ಣೇ ಇಲ್ಲ. ಬೇರೆ ಸಾವಿರಾರು ಮುಖ ನೋಡಿ ಕಲಿತ ಯಂತ್ರ, ಇಲ್ಲಿ ಒಂದು ಕಣ್ಣು ಇರಬೇಕು ಅಂತ ಊಹಿಸಿ ಇಟ್ಟಿದೆ. ಮೋಡವನ್ನ ಕಪ್ಪು ಮಾಡು ಅಂದೆ, ಕಂಬ ತೆಗಿ ಅಂದೆ. ಮುಖದ ವಿಷಯದಲ್ಲಿ ಆ ಸಲಿಗೆ ನನಗಿಲ್ಲ. ಗೋಡೆಗೆ ಹಾಕಿ, ಹೂವಿಟ್ಟು, ಇವರೇ ನಮ್ಮಜ್ಜಿ ಅಂತ ನಾಳೆ ನಿನ್ನ ಮಕ್ಕಳಿಗೆ ತೋರಿಸೋದು. ಅಪರಿಚಿತಳ ಮುಖಕ್ಕೆ ಕೈಮುಗಿಸೋಕೆ ನನ್ನಿಂದಾಗಲ್ಲ.

— ಹಳೇ ಕಾಲದ ಸ್ಟುಡಿಯೋದವರು ಮಾಡುತ್ತಿದ್ದದ್ದೂ ಅದೇ ಅಲ್ವಾ? ಗ್ರೂಪ್ ಫೋಟೋದಿಂದ ಒಬ್ಬರ ಮುಖ ತೆಗೆದು ಎನ್‌ಲಾರ್ಜ್ ಮಾಡಿ ಬಣ್ಣ ಹಚ್ಚುತ್ತಿದ್ದರು.

— ಮಾಡುತ್ತಿದ್ದರು. ಅದೊಂದು ದೊಡ್ಡ ಕಸುಬು. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಲ್ಲಿ ಟಚಪ್, ಪ್ರಿಂಟ್ ಮೇಲೆ ತೆಳು ಬಣ್ಣ, ಕೆನ್ನೆಗೆ ಗುಲಾಬಿ, ಸೀರೆಯಂಚಿಗೆ ಜರಿ. ಉದಯಪುರದಂಥ ಅರಮನೆಗಳಲ್ಲಿ ಅಡಿಯ ಫೋಟೋ ಕಾಣದ ಹಾಗೆ ಬಣ್ಣ ತುಂಬಿ ಚಿತ್ರವನ್ನೇ ಮಾಡಿಬಿಡುತ್ತಿದ್ದರು. ನಮ್ಮ ಮನೆಗಳ ಹಜಾರದಲ್ಲಿ ಇವತ್ತೂ ನೇತಾಡೋ ಎಷ್ಟೋ ಹಿರಿಯರು ಆ ಕೈಗಳಿಂದ ಉಳಿದವರು. ಆ ಕೆಲಸದವರ ಮೇಲೆ ನನಗೆ ಬಹಳ ಗೌರವ. ಆದರೆ ಮನೆಯವರು ಪಕ್ಕದಲ್ಲೇ ಕೂತು ಮೂಗು ಇನ್ನೂ ನೀಳ, ಕುಂಕುಮ ಇಷ್ಟಗಲ, ಅಂತ ಹೇಳುತ್ತಿದ್ದರು. ಕಂಡವರು ಇದ್ದರು. ಅಲ್ಲಿ ಕೈಗೆ ಒಂದು ಕಡಿವಾಣ ಇತ್ತು.

— ಹಾಗಾದರೆ ಇದನ್ನ ಚಿತ್ರ ಮಾಡೋಕೇ ಆಗಲ್ಲ ಅಂತೀರಾ?

— ಆಗುತ್ತೆ. ಗೆರ್ಹಾರ್ಡ್ ರಿಕ್ಟರ್ ಅಂತ ಜರ್ಮನಿಯ ಚಿತ್ರಕಾರ, 1960ರ ದಶಕದಲ್ಲಿ ಮನೆಯ ಆಲ್ಬಮ್ಮಿನ ಸಾಧಾರಣ ಫೋಟೋಗಳನ್ನ ದೊಡ್ಡ ಕ್ಯಾನ್ವಾಸಿಗೆ ಬರೆದ. 1965ರಲ್ಲಿ ಬರೆದದ್ದೊಂದರಲ್ಲಿ ಅವನ ಚಿಕ್ಕಮ್ಮ ಮರಿಯಾನೆ ಇದ್ದಾಳೆ, ಇನ್ನೂ ಹುಡುಗಿ, ಮುಂದೆ ಹಸುಗೂಸು ರಿಕ್ಟರ್. ಆ ಹುಡುಗಿಯನ್ನ ಆಮೇಲೆ ಮನೋರೋಗ ಅಂತ ಆಸ್ಪತ್ರೆಗೆ ಹಾಕಿದರು. ನಾಜಿಗಳ ಕಾಲದಲ್ಲಿ ಅಂಥವರನ್ನ ಕೊಲ್ಲುತ್ತಿದ್ದರಲ್ಲ, ಅವಳೂ ಹಾಗೇ ಸತ್ತಳು. ರಿಕ್ಟರ್ ಆ ಮುಖವನ್ನ ಚೂಪು ಮಾಡಲಿಲ್ಲ. ಫೋಟೋ ನೋಡಿ ಬರೆದು, ಎಣ್ಣೆಬಣ್ಣ ಒಣಗೋ ಮೊದಲೇ ಬ್ರಷ್ ಎಳೆದು ಎಲ್ಲವನ್ನೂ ಮಸುಕು ಮಾಡಿದ. ಅವಳ ಬಗ್ಗೆ ತನಗೆ ದಕ್ಕಿದ್ದು ಎಷ್ಟೋ ಅಷ್ಟನ್ನೇ ಇಟ್ಟ ಅಂತ ನಾನು ಅಂದುಕೊಂಡಿದ್ದೀನಿ. ಆ ಚಿತ್ರದ ಮುಂದೆ ಅವಳ ಕಣ್ಣಿನ ಬಣ್ಣ ಏನು ಅಂತ ಯಾರೂ ಕೇಳಲ್ಲ.

— ನೀವೂ ಮಸುಕಾಗಿಯೇ ಬರೆಯುತ್ತೀರಾ?

— ಮುಖ ತಿರುಗಿಸಿದ ಆ ಚಲನೆ ಇದೆಯಲ್ಲ, ಅದನ್ನ ಬರೆಯುತ್ತೀನಿ. ಯಾರೋ ಕರೆದಿರಬೇಕು, ಇಲ್ಲ ಮಗು ಅತ್ತಿರಬೇಕು. ಫೋಟೋಗ್ರಾಫರ್ ಅಲುಗಾಡಬೇಡಿ ಅಂದರೂ ತಿರುಗಿದ್ದಾರೆ. ಸಾಲಿನಲ್ಲಿ ಇಷ್ಟು ಜನರಲ್ಲಿ ಅವರೊಬ್ಬರೇ. ಆಮೇಲೆ ಕೈ ನೋಡು, ಮಡಿಲಲ್ಲಿ ಒಂದರ ಮೇಲೊಂದು. ಕೈ ಅಲುಗಾಡಿಲ್ಲ. ಬೆರಳಿನ ಗಂಟು, ಬಳೆ, ಸೆರಗಿನ ಅಂಚು ಹಿಡಿದುಕೊಂಡಿರೋ ರೀತಿ, ಎಲ್ಲ ಚೂಪಾಗಿದೆ. ಈ ಬಲಗೈಯ ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿದೆ. ನನ್ನದು ನೋಡು. ಅಮ್ಮನದೂ ಹೀಗೇ ಇತ್ತು.

— ನನ್ನದೂ!

— ಇದನ್ನ ಯಾವ ಆ್ಯಪ್ ಹುಡುಕಿಕೊಟ್ಟೀತು? ಕೈಗೆ ಹಾಳೆಯ ಒಳ್ಳೆಯ ಜಾಗ, ಒಳ್ಳೆಯ ಬೆಳಕು. ಮುಖಕ್ಕೆ ಎರಡೇ ಹದ, ಅಂಚು ಕರಗಿಸಿ. ತೊಂದರೆ ಇರೋದು ಸೀರೆಯ ಬಣ್ಣದಲ್ಲಿ.

— ಕಪ್ಪು ಸೀರೆ ಅಲ್ವಾ? ಫೋಟೋದಲ್ಲಿ ಅಚ್ಚ ಕಪ್ಪಿದೆ.

— ಮದುವೆಮನೆಗೆ ಕಪ್ಪು ಸೀರೆ ಉಟ್ಟಿರಲಾರರು. ಆ ಕಾಲದ ಎಷ್ಟೋ ಸ್ಟುಡಿಯೋ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ನೀಲಿ, ಹಸಿರು ಬರುತ್ತಿತ್ತು, ಕೆಂಪು ಕಪ್ಪಾಗಿ ಬೀಳುತ್ತಿತ್ತು. ಹಣೆಯ ಕುಂಕುಮ ಕರಿ ಬೊಟ್ಟಿನ ಥರ ಕಾಣೋದು ಅದಕ್ಕೇ. ಇದು ಕೆಂಪು ಸೀರೆಯೂ ಇರಬಹುದು, ಕಡುನೇರಳೆಯೂ ಇರಬಹುದು. ಬೂದಿನಿಂದ ಬಣ್ಣ ವಾಪಸು ಓದೋಕಾಗಲ್ಲ. ಕಂಡವರನ್ನೇ ಕೇಳಬೇಕು.

— ಕಂಡವರು ಅಂದರೆ ಹೊಸದುರ್ಗದ ಚಿಕ್ಕಜ್ಜಿ ಒಬ್ಬರೇ ಉಳಿದಿರೋದು. ಈಗಲೇ ಫೋಟೋ ವಾಟ್ಸಾಪ್ ಮಾಡಲಾ?

— ಫೋಟೋ ಕಳಿಸಬೇಡ. ಅದು ಕಣ್ಣಿಗೆ ಬಿದ್ದರೆ ಚಿಕ್ಕಮ್ಮ ಅದರಲ್ಲಿರೋದನ್ನೇ ಹೇಳೋಕೆ ಶುರು ಮಾಡುತ್ತಾರೆ. ಫೋನ್ ಮಾಡಿ ಕೇಳು: ಅವರಮ್ಮ ಮದುವೆಮನೆಗೆ ಯಾವ ಸೀರೆ ಉಡುತ್ತಿದ್ದರು, ಅಂಚು ಎಷ್ಟಗಲ, ಬಳೆ ಹಸಿರೋ ಕೆಂಪೋ, ಕೈಯಲ್ಲಿ ಹಚ್ಚೆ ಇತ್ತಾ, ಯಾರಾದರೂ ಕರೆದರೆ ಹೇಗೆ ತಿರುಗಿ ನೋಡುತ್ತಿದ್ದರು. ಅವರು ಹೇಳಿದ್ದನ್ನ ಅವರ ಮಾತಿನಲ್ಲೇ ಬರೆದುಕೋ. ಎಲ್ಲ ಮುಗಿದ ಮೇಲೆ, ಮುಂದಿನ ವಾರ ಹೋಗಿ ಫೋಟೋ ಕೈಗೆ ಕೊಟ್ಟು, ಇದರಲ್ಲಿ ಏನು ಸರಿಯಾಗಿ ಬಂದಿಲ್ಲ ಅಂತ ಕೇಳೋಣ, ನಾನೂ ಬರುತ್ತೀನಿ. ಇವತ್ತು ಸಂಜೆ ಮೇಲೆ ಮಾಡು, ಈ ಹೊತ್ತಿಗೆ ಮಲಗಿರುತ್ತಾರೆ. ಎಡಗಿವಿ ಮಂದ. ಬಲಗಿವಿಗೆ ಹಿಡಿದುಕೊಳ್ಳಿ ಅಂತ ಮೊದಲೇ ಹೇಳು.